ಖಾಸಿಂಬಿ ಹೂಂ ಅನ್ನಲಿಲ್ಲ

ಚಳಿಗಾಲದಲ್ಲಿ ಖಾಸಿಂಬಿ ಎದ್ದ ತಕ್ಷಣ ಮುಖ ತೊಳೆಯುತ್ತಿರಲಿಲ್ಲ, ಕುದುರೆಯ ಕಿವಿ ಹಿಡಿಯುತ್ತಿದ್ದಳು. ಕುಳ್ಳಿ. ಕಿವಿ ಎಟುಕಬೇಕಾದರೆ ಬಾಗಿಲ ಮುಂದಿನ ಕಲ್ಲು ಹತ್ತಬೇಕಿತ್ತು. ಕಿವಿಯ ಬುಡ ಮುಟ್ಟಿ, ಆಮೇಲೆ ಕತ್ತಿನ ಕೂದಲ ಕೆಳಗೆ ಕೈ ತೂರಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಬೆಚ್ಚಗಿದ್ದರೆ "ಬ್ಯಾಡ" ಅನ್ನುತ್ತಿದ್ದಳು. ತಣ್ಣಗಿದ್ದರೆ "ತಾ" ಅನ್ನುತ್ತಿದ್ದಳು. ತರಬೇಕಾದದ್ದು ಕಂಬಳಿ. ತರಬೇಕಾದವನು ನಾನು.

ಅವಳ ಗಂಡ ಶಿರಾದಲ್ಲಿ ಜಟಕಾ ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಜಟಕಾ ಹೊಡೆಯಲು ನನ್ನನ್ನು ಇಟ್ಟುಕೊಂಡಳು. ಹೊಡೆಯುವುದಷ್ಟೇ ನನ್ನ ಕೆಲಸ. ಏನು ತಿನ್ನಿಸಬೇಕು, ಎಲ್ಲಿ ನಿಲ್ಲಿಸಬೇಕು, ಏನು ಹೊದಿಸಬೇಕು, ಅದೆಲ್ಲ ಅವಳದೇ. ಬಿಜ್ಲಿ ಎಂಬ ಆ ಕಂದು ಹೆಣ್ಣುಕುದುರೆಯನ್ನು ಗಂಡ ತಂದದ್ದು ಅವಳ ಬಳೆ ಮಾರಿ.

ಬಸ್ ಸ್ಟಾಂಡಿನ ಜಟಕಾದವರು ಚಳಿ ಶುರುವಾದ ದಿನದಿಂದ ಕುದುರೆಗಳಿಗೆ ಗೋಣಿಯನ್ನೋ ಕಂಬಳಿಯನ್ನೋ ಕಟ್ಟುತ್ತಿದ್ದರು. ನಮ್ಮದು ಬರಿ ಮೈಯಲ್ಲಿ ನಿಲ್ಲುತ್ತಿತ್ತು. "ಏನ್ಲಾ, ನಿಮ್ ಬೂಬಮ್ಮ ಕಂಬ್ಳಿನೂ ಮಾರ್ಕೊಂಡ್ಳಾ?" ಎಂದು ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಒಂದು ಬೆಳಿಗ್ಗೆ ನಾನೇ ಕಂಬಳಿ ಹೊದಿಸಿದೆ. ಖಾಸಿಂಬಿ ಬಂದಳು, ಎಳೆದಳು, ನನ್ನ ತಲೆಯ ಮೇಲೆ ಹಾಕಿದಳು.

"ನಡುಗ್ತಾ ಇರೋನು ನೀನು. ಹೊದ್ಕೋ."

"ಎಲ್ರೂ ಆಡ್ಕೊತಾರೆ ಬೂಬಮ್ಮ."

"ಆಡ್ಕೊಳ್ಳೋರ ಬಾಯಿಗೆ ಹೊದ್ಸು. ಇದುಕ್ಕೆ ಅಲ್ಲಾ ಕೂದ್ಲು ಕೊಟ್ಟವ್ನೆ. ಚಳೀಗೆ ಅದು ನಿಗುರ್ಕೊಂಡು ನಿಲ್ತದೆ. ಮ್ಯಾಲಿಂದ ನೀನು ಅಮುಕಿದ್ರೆ ಬಿಸಿ ಎಲ್ಲಿ ನಿಲ್ಬೇಕು?"

ಹಾಗಂತ ಕಂಬಳಿ ಅಂದರೆ ಅವಳಿಗೆ ಆಗದು ಅಂತಲ್ಲ. ಒಂದು ಸಂಜೆ ಮದಲೂರಿಂದ ಬರುವಾಗ ದಾರಿಯುದ್ದಕ್ಕೂ ಜಡಿಮಳೆ, ಜೊತೆಗೆ ಗಾಳಿ. ಬಿಜ್ಲಿ ತೊಯ್ದು ನಡುಗುತ್ತ ಮನೆಗೆ ಬಂತು. ಖಾಸಿಂಬಿ ಹುಲ್ಲಿನಿಂದ ತಿಕ್ಕಿ ತಿಕ್ಕಿ ಮೈ ಒಣಗಿಸಿದಳು. ಗಾಡಿಯಲ್ಲಿದ್ದ ಕಂಬಳಿಯೂ ನೆನೆದಿತ್ತು. ಒಳಗೆ ಹೋಗಿ ತಾನು ಹೊದೆಯುವ ಹತ್ತಿಯ ರಜಾಯಿ ತಂದು ಕುದುರೆಗೆ ಹೊದಿಸಿ ಹಗ್ಗ ಬಿಗಿದಳು. ತಾನು ಬರಿ ಚಾಪೆಯ ಮೇಲೆ ಮಲಗಿದಳು. ಬೆಳಿಗ್ಗೆ ಕಿವಿ ಮುಟ್ಟಿ "ಬ್ಯಾಡ" ಎಂದು ರಜಾಯಿ ಬಿಚ್ಚಿ ಎಸೆದಳು.

ಎದುರು ಮನೆಯಲ್ಲಿ ಅವಳ ಮೈದುನ ಇದ್ದ. ಅಣ್ಣನ ಕುದುರೆ ತನಗೇ ಬರಬೇಕು ಎನ್ನುವುದು ಅವನ ವಾದ. ರಜಾಯಿ ಹೊದಿಸಿದ್ದನ್ನೂ ನೋಡಿದ, ಬಿಚ್ಚಿದ್ದನ್ನೂ ನೋಡಿದ. ಅಷ್ಟೇ ಸಾಕಾಯಿತು. ಅವತ್ತೇ ಕೇರಿಯ ಹಿರಿಯರನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದ.

"ನೆನ್ನೆ ರಜಾಯಿ, ಇವತ್ತು ಬರಿ ಮೈ. ತಲೆ ನೆಟ್ಟಗಿರೋರು ಮಾಡೋ ಕೆಲ್ಸನಾ ಇದು? ಇವಳ ಕೈಯಾಗೆ ಕುದ್ರೆ ಉಳಿಯಲ್ಲ."

ಹಿರಿಯರು ಕೆಟ್ಟವರಲ್ಲ. ಜಗಳ ಮುಗಿದರೆ ಸಾಕು ಅವರಿಗೆ. ಅವರಲ್ಲಿ ದೊಡ್ಡವರು ಹೇಳಿದರು: "ನೋಡಮ್ಮ, ಚಳಿ ಮುಗಿಯೋಗಂಟ ದಿನಾ ಕಂಬ್ಳಿ ಹೊದಿಸ್ತೀನಿ ಅಂತ ನಮ್ಮುಂದೆ ಹೂಂ ಅನ್ನು. ಕುದ್ರೆ ನಿನ್ನತ್ರನೇ ಇರ್ಲಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಅವನು ಹೊಡ್ಕೊಂಡು ಹೋಗ್ಲಿ."

ನಾನು ಹಿಂದಿನಿಂದ "ಅನ್ನು ಬೂಬಮ್ಮ, ಅನ್ನು" ಎಂದು ಪಿಸುಗುಟ್ಟಿದೆ.

"ಯಾಕನ್ಲಿ?" ಎಂದು ಕೇರಿಗೆಲ್ಲ ಕೇಳುವ ಹಾಗೆ ಅಂದಳು. "ನಾಳೆ ಇದು ಬೆವ್ತು ಬಂದ್ರೆ ಅದರ ಮ್ಯಾಲೂ ಹೊದಿಸ್ಲಾ? ಮಾತು ಕೊಟ್ಟಿದೀನಿ ಅಂತ ಕಾಯಿಲೆ ತರಿಸ್ಲಾ? ಹೊದ್ಕೊಳ್ಳೋದು ಅದು. ಅದನ್ನ ಕೇಳ್ತೀನಿ, ನಿಮ್ಮನ್ನ ಕೇಳಲ್ಲ."

"ಒಂದು ಹೂಂ ಅಂದ್ರೆ ಏನಮ್ಮ ಸವೀತದೆ?"

"ಕುದ್ರೆ ಸವೀತದೆ."

ಅವರು ಹೊರಟು ಹೋದರು. ನನಗೆ ಸಿಟ್ಟು ಬಂತು. "ಅವರ ಮುಂದೆ ಹೂಂ ಅಂದ್ಬುಟ್ಟು, ಆಮೇಲೆ ನಿನ್ ಇಷ್ಟ ಬಂದಂಗೆ ಮಾಡಿದ್ರೆ ಏನಾಗ್ತಿತ್ತು?" ಎಂದೆ.

"ಹೂಂ ಅಂದಮೇಲೆ ಮಾಡ್ಬೇಕಾಗ್ತದೆ ಬೇಟಾ."

ಇಂಥವಳ ಜೊತೆ ಏನು ಮಾತಾಡುವುದು? ಮನೆಗೆ ಹೋದೆ.

ಬೆಳಗಿನ ಜಾವ ಬಂದು ನೋಡಿದರೆ ಜಟಕಾ ಹೂಡಿ ನಿಂತಿತ್ತು. ಒಳಗೆ ಪಾತ್ರೆ, ಚಾಪೆ, ರಜಾಯಿ, ಒಂದು ಮೂಟೆ ಹುರುಳಿ. ಇಬ್ಬನಿಯಲ್ಲಿ ಎದುರು ಮನೆ ಕಾಣುತ್ತಿರಲಿಲ್ಲ.

"ಕೊರಟಗೆರೆಗೆ ಹೋಯ್ತೀನಿ, ನಮ್ಮಕ್ಕನ ಮನೆಗೆ. ಸಿದ್ದರಬೆಟ್ಟಕ್ಕೆ ಹೋಗೋ ಜನ ಜಟಕಾ ಹತ್ತಲ್ವಾ?"

"ಹೊಡಿಯೋರು ಯಾರು?"

"ಯಾಕೆ, ನನ್ ಕೈ ಕಾಣಲ್ವಾ?"

"ನಾನೂ ಬರ್ತೀನಿ."

"ನಿನ್ ಹೆಂಡ್ತಿನ ಕೇಳ್ದ್ಯಾ?"

ಕೇಳಿರಲಿಲ್ಲ. ಅವಳು ಸೆರಗು ಬಿಗಿದುಕೊಂಡು ನಾನು ಕೂರುವ ಜಾಗದಲ್ಲಿ ಕೂತು ಲಗಾಮು ಹಿಡಿದಳು. ಅವತ್ತಿನವರೆಗೆ ಅವಳು ಜಟಕಾ ಹೊಡೆದದ್ದನ್ನು ನಾನು ನೋಡಿರಲಿಲ್ಲ. "ಚಲ್" ಅಂದಳು. ಬಿಜ್ಲಿ ಮಧುಗಿರಿ ರಸ್ತೆ ಹಿಡಿಯಿತು. ಅವಳು ತಿರುಗಿ ನೋಡಲಿಲ್ಲ, ಹೋಗಿಬರುತ್ತೇನೆ ಅನ್ನಲಿಲ್ಲ. ಗಾಲಿಯ ಸದ್ದು ಮುಗಿಯುವವರೆಗೆ ನಿಂತಿದ್ದೆ. ಅವಳನ್ನು ನೋಡಿದ್ದು ಅದೇ ಕೊನೆ.

ಬಿಸಿಲು ಬಂದ ಮೇಲೆ ಮೈದುನ ಹಗ್ಗ ಹಿಡಿದು ಬಂದ.

"ಯಾವ ಕಡೆ ಹೋದ್ಳೋ?"

"ಪಾವಗಡದ ಕಡೆ."

ಮಧುಗಿರಿ ರಸ್ತೆ ಬಿಟ್ಟು ಇನ್ನೊಂದು ರಸ್ತೆಗೆ ಸೈಕಲ್ ತಿರುಗಿಸಿಕೊಂಡು ಹೋದ. ಮಧ್ಯಾಹ್ನ ಬೆವರು ಸುರಿಸಿಕೊಂಡು ವಾಪಸ್ ಬಂದ.

"ನಿಜ ಹೇಳ್ಲೇ. ಪಾವಗಡದ ಕಡೆಗೇನಾ? ನೀನೇ ಕಣ್ಣಾರೆ ನೋಡಿದ್ಯಾ?"

"ಹೂಂ" ಎಂದೆ.