ಸ್ಕಾರ್ಫಿನ ಕೆಳಗಿನ ಕೈ

ಕೈ ಹಿಡಿದರೆ ಸಾಕು, ಎದುರಿನವ ಎಷ್ಟಕ್ಕೆ ಒಪ್ಪುತ್ತಾನೆಂದು ಹೇಳಬಲ್ಲೆ ಎಂಬ ಜಂಬ ನನಗೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ನಾನು. ನಾನು ಕಸುಬು ಕಲಿತಾಗ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ಬೆರಳು ಅದುಮಿ ತಿಳಿಸುತ್ತಿದ್ದೆವು. ಅಲ್ಲಿ ಎರಡು ಕೈಗಳ ನಡುವೆ ಮೂರನೆಯವನಿಗೆ ಜಾಗವಿಲ್ಲ. ಇಲ್ಲ ಎಂದೇ ತಿಳಿದಿದ್ದೆ.

ಎಂಬತ್ತರ ದಶಕದ ಕೊನೆಗೆ ಊರಿನ ಪುಟ್ಟ ಸ್ಕೌಟ್ ತಂಡ ನನ್ನ ಕೊರಳಿಗೆ ಬಿತ್ತು. ಖಾಕಿ ಬಟ್ಟೆ ಅಗ್ಗಕ್ಕೆ ಕೊಡಿಸಿದ್ದೇ ನನ್ನ ಅರ್ಹತೆ. ಆ ಮಳೆಗಾಲ ಶಂಕ್ರ ಎಂಬ ಹುಡುಗ ಜ್ವರ ಬಂದು ತೀರಿಕೊಂಡ. ಆಮೇಲೆ ಹುಡುಗರು ದುಂಡಗೆ ನಿಂತಾಗೆಲ್ಲ ಅವನ ಜಾಗ ಖಾಲಿ. ಹೊಸಬರು ಅಲ್ಲಿ ಕಾಲಿಟ್ಟರೆ ಹಳಬರು ದಬ್ಬುತ್ತಿದ್ದರು. ಹೊಸಬರು ಒಬ್ಬೊಬ್ಬರಾಗಿ ಬಿಡತೊಡಗಿದರು. ಹೀಗೇ ಹೋದರೆ ತಂಡವೇ ಉಳಿಯುವಂತಿರಲಿಲ್ಲ.

ನನಗೋ, ಖಾಲಿ ಜಾಗವೆಂದರೆ ಬಾಡಿಗೆ ಬಾರದ ಮಳಿಗೆ. ಆ ಖಾಲಿಯನ್ನು ಮುಚ್ಚಿಸಲೇಬೇಕೆಂದು ಎಲ್ಲರನ್ನೂ ರಾಣೆಬೆನ್ನೂರಿನಾಚೆಯ ಕುರುಚಲು ಕಾಡಿಗೆ ಕರೆದೊಯ್ದೆ. ಸಂಜೆ. ಗಾಳಿ ನಿಂತಿತ್ತು. ಚಿಗರಿ ಜಿಂಕೆಗಳು ಮೇಯುವುದು ಬಿಟ್ಟು ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದವು.

ಸ್ಕೌಟಿನವರು ಕುಲುಕುವುದು ಎಡಗೈ, ಎದೆಗೆ ಹತ್ತಿರ. ವ್ಯಾಪಾರಿಯದು ಬಲಗೈ, ಕಿಸೆಗೆ ಹತ್ತಿರ. ಎರಡನ್ನೂ ಸೇರಿಸಿ ಆಟ ಕಟ್ಟಿದೆ. "ಕೈ ಕೈ ಹಿಡೀರಿ, ಮ್ಯಾಲ ಸ್ಕಾರ್ಫ್ ಹಾಕ್ರಿ. ನಾ ಎಷ್ಟ್ ಬೆರಳ ಅದುಮ್ತೀನಿ, ಅಷ್ಟನ್ನ ಬಾಜೂದವಗ ದಾಟಸ್ರಿ." ಬೆರಳು ದಾಟಬೇಕಾದರೆ ನಡುವಿನ ಖಾಲಿ ಮುಚ್ಚಲೇಬೇಕಲ್ಲ, ಅದು ನನ್ನ ಹಂಚಿಕೆ.

ಖಾಲಿಯ ಆಚೀಚೆ ನಿಂತ ಮೌನೇಶ, ದಾವಲ ಜಗ್ಗಲಿಲ್ಲ. ನಡುವೆ ಒಂದು ಸ್ಕಾರ್ಫು ಹರವಿ ಹಿಡಿದರು.

"ಸರೀರ್ಯೋ ಹತ್ರ!"

"ಶಂಕ್ರ ಎಲ್ಲಿ ನಿಂದರಬೇಕ್ರಿ ಕಾಕಾ?" ಎಂದ ಮೌನೇಶ.

"ಹಂಗಾರ ದಾಟಸು ಅಂತ ಅವಗಽ ಹೇಳ್ರಿ," ಎಂದು ಗದರಿ, ಎರಡು ಬೆರಳು ಅದುಮಿದೆ.

ಸುತ್ತು ಹಾಕಿ ನನ್ನ ಇನ್ನೊಂದು ಕೈಗೆ ಬಂದದ್ದು ಅದೇ ಎರಡು ಬೆರಳು.

"ದಾವಲ್ಯಾ, ನಿನಗ್ಯಾರು ಕೊಟ್ರೋ?"

"ಮೌನ್ಯಾ ಕೊಟ್ಟಿರಬೇಕ್ರಿ."

"ನಾ ಬರೇ ಗಾಳ್ಯಾಗ ಅದುಮೇನಿ," ಎಂದ ಮೌನೇಶ. "ಅಲ್ಲಿಗೆ ನನ್ನ ಕೈ ಎಲ್ಲಿ ನಿಲುಕತೈತಿ?"

ದಾವಲ ತನ್ನ ಅಂಗೈ ನೋಡಿಕೊಂಡ. "ಕೊಟ್ಟವನ ಕೈ ಸುಡಾಕತ್ತಿತ್ತರಿ ಕಾಕಾ. ಜ್ವರ ಬಂದಂಗ."

ಹುಡುಗರ ಚೇಷ್ಟೆ ಇದ್ದೀತು. ಸುಳ್ಳು ಹಿಡಿಯುವುದೇ ನನ್ನ ಕಸುಬು, ಇಬ್ಬರ ಕೈಯನ್ನೂ ಹಿಡಿದು ನೋಡಿದೆ. ಎರಡೂ ಮಂಜುಗಡ್ಡೆಯಂತಿದ್ದವು. ಚಿಗರಿಗಳು ಇನ್ನೂ ನೋಡುತ್ತಲೇ ಇದ್ದವು, ನಮ್ಮನ್ನಲ್ಲ, ಆ ಖಾಲಿಯನ್ನು.

ಆಗ ಹೊಸಬನೊಬ್ಬ ಮೆಲ್ಲಗೆ, "ನಾ ಶಂಕ್ರನ ಬಾಜೂಕ ನಿಂದರ್ಲ್ಯಾ?" ಎಂದ. ಅವನನ್ನೇ ಮೊನ್ನೆ ದಬ್ಬಿದ್ದ ಮೌನೇಶ ಒಂದಿಷ್ಟು ಆಚೆ ಸರಿದು ಜಾಗ ಕೊಟ್ಟ. ಅಂದಿನಿಂದ ಒಬ್ಬನೂ ತಂಡ ಬಿಡಲಿಲ್ಲ.

ನೀವೂ ತಂಡ ಕಟ್ಟುವವರಾದರೆ ನನ್ನ ಬಿಟ್ಟಿ ಸಲಹೆ ಇಷ್ಟೇ: ಖಾಲಿ ಜಾಗದ ಜೊತೆ ಚೌಕಾಸಿಗಿಳಿಯಬೇಡಿ, ಸುತ್ತನ್ನೇ ದೊಡ್ಡದು ಮಾಡಿ. ನಾನಂತೂ ಇಂದಿಗೂ, ಅಪರೂಪಕ್ಕೊಮ್ಮೆ ಟವೆಲ್ಲಿನ ಕೆಳಗೆ ಸಿಕ್ಕ ಕೈ ಬಿಸಿಯಿದ್ದರೆ ಚೌಕಾಸಿ ಮಾಡುವುದಿಲ್ಲ, ಅದು ಹೇಳಿದ ದರಕ್ಕೇ ಒಪ್ಪಿಬಿಡುತ್ತೇನೆ.