ದಾರಿಗೆ ಇಟ್ಟ ಸೊಪ್ಪು

ಬೆಳಿಗ್ಗೆ ಹಾಲು ತೆಗೆದುಕೊಂಡು ಬರುವಾಗ ನಮ್ಮ ಬೀದಿಯ ಒಂದು ಪಕ್ಕಕ್ಕೆ ಹೊಸ ಕಾಂಕ್ರೀಟು ಬಿದ್ದಿತ್ತು. ಇನ್ನೂ ಹಸಿ. ತಲೆಗೆ ಟವಲ್ ಸುತ್ತಿಕೊಂಡಿದ್ದ ಕೆಲಸದ ಹೆಂಗಸೊಬ್ಬಳು ಹೊಂಗೆಯ ರೆಂಬೆ ಮುರಿದು ತಂದು ಅಡ್ಡಲಾಗಿ ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟಳು. ಯಾರೂ ತುಳಿಯಬೇಡಿ ಎಂದು ಅರ್ಥ. ಮುರಿದ ಸೊಪ್ಪಿನ ಆ ಒಗರು ವಾಸನೆ... ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಮನೆಗೆ ಬಂದರೆ ಮಗಳು ಕಾಫಿ ಆರಲು ಬಿಟ್ಟು ಫೋನಿನಲ್ಲಿ ಮುಳುಗಿದ್ದಳು. ಭಾನುವಾರ ಗೆಳತಿಯರ ಜೊತೆ ಚನ್ನರಾಯನದುರ್ಗ ಹತ್ತುವ ಯೋಜನೆ.

"ಮಾಡರೇಟ್ ಅಷ್ಟೇ ಅಮ್ಮ, ಹೆದರ್ಕೋಬೇಡ. ಲೂಪ್ ಇದು. ಊರ ಕಡೆಯಿಂದ ಹತ್ತಿ, ಕೋಟೆ ನೋಡಿ, ಜಯಮಂಗಲಿ ಹೊಳೆ ಕಡೆ ಇಳಿದು ಸುತ್ತಿಕೊಂಡು ಬರ್ತೀವಿ."

ಫೋನಿನ ಮೇಲೆ ನೀಲಿ ಗೆರೆಯೊಂದು ಬೆಟ್ಟವನ್ನು ಬಳಸಿ ಹೋಗಿತ್ತು. ಅದೇ ಗೆರೆಯನ್ನು ನಾನು ಹಿಂದೊಮ್ಮೆ ಕರಿಹಲಗೆಯ ಮೇಲೆ ನೋಡಿದ್ದೆ, ಸೀಮೆಸುಣ್ಣದಲ್ಲಿ.

ಬರೆದವರು ನಮ್ಮ ಕಾನ್ವೆಂಟಿನ ಡ್ರಿಲ್ ಮಿಸ್. ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕೆಂಪು ದಾರದ ಸೀಟಿ. ಕಳ್ಳಂಬೆಳ್ಳದ ಕಡೆಯ ಹಟ್ಟಿಯವರು, ಕುರಿ ಸಾಕುವ ಮನೆಯವರು. ಆ ವರ್ಷ ಅವರ ಕೆಲಸ ಕಾಯಂ ಆಗುವುದಿತ್ತು. ಒಂಬತ್ತನೇ ತರಗತಿಯ ನಮ್ಮನ್ನೆಲ್ಲ ದುರ್ಗಕ್ಕೆ ಕರೆದೊಯ್ಯುವುದು ಅವರದೇ ಆಸೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಬೆಟ್ಟದ ಬೆನ್ನು ಕಾಣುವುದಿಲ್ಲ ಎನ್ನುತ್ತಿದ್ದರು.

ಶಾಲೆಯಲ್ಲಿ ಅಳೆದು ತೂಗಿ ಮಾತಾಡುತ್ತಿದ್ದವರ ನಾಲಿಗೆ ಬೆಟ್ಟದ ಮೇಲೆ ಸಡಿಲವಾಯಿತು. "ಓಡ್‌ಬ್ಯಾಡ್ರೇ, ಕಲ್ಲು ಜಾರ್ತದೆ! ಕೋಟೆ ಎಲ್ಲೂ ಓಡೋಗಾಕಿಲ್ಲ ಬುಡ್ರೇ!" ಗೆಳತಿಯೊಬ್ಬಳು ಅದನ್ನೇ ಅಣಕಿಸಿದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಿಸ್ಸೇ.

ಮೇಲೆ ಕುಸಿದ ಗೋಡೆಗಳ ನಡುವೆ ಕೂತು ಚಿತ್ರಾನ್ನ ತಿಂದೆವು. ಕೆಳಗೆ ಕಣಿವೆಯಲ್ಲಿ ಜಯಮಂಗಲಿಯ ಮರಳು ಬೆಳ್ಳಗೆ, ಎರಡೂ ದಡದಲ್ಲಿ ತೆಂಗಿನ ಹಸಿರು... ಅಷ್ಟು ನೆಮ್ಮದಿಯ ಊಟ ನನಗೆ ಬೇರೆ ನೆನಪಿಲ್ಲ.

ಇಳಿಯುವಾಗ ಎರಡು ಗುಂಪಾದೆವು. ಮುಂದೆ ಮಿಸ್, ಅವರ ಜೊತೆ ನಾನು. ನಮ್ಮ ಜೊತೆ ಬಂದಿದ್ದ ಹೆಡ್‌ಮಿಸ್ಟ್ರೆಸ್ ಸಿಸ್ಟರಿಗೆ ಮಂಡಿನೋವು, ಅವರು ಉಳಿದ ಹುಡುಗಿಯರ ಜೊತೆ ನಿಧಾನವಾಗಿ ಹಿಂದೆ. ಒಂದು ಕಡೆ ದಾರಿ ಕವಲಾಯಿತು. ಮಿಸ್ ತಂಗಡಿ ಗಿಡದ ರೆಂಬೆ ಮುರಿದು, ಎಡಗಡೆಯ ದಾರಿಗೆ ಅಡ್ಡ ಹಾಕಿ ಕಲ್ಲಿಟ್ಟರು.

"ಯಾಕೆ ಮಿಸ್?"

"ಈ ದಾರಿ ಮುಚ್ಚೈತೆ ಅಂತ ಕಣೇ. ಮುಂದೆ ಕುರಿ ಹೊಡ್ಕೊಂಡೋದೋರು ಹಿಂದೆ ಬರೋರಿಗೆ ಇಂಗೇ ಇಟ್ಟೋಗದು. ಇದ್ಯಾರಿಗ್ ಗೊತ್ತಿಲ್ಲ!"

ಸಿಸ್ಟರಿಗೆ ಗೊತ್ತಿರಲಿಲ್ಲ. ಅವರು ದೂರದ ಊರಿನವರು. ಆಗತಾನೇ ಮುರಿದಿಟ್ಟ ಸೊಪ್ಪು ಕಂಡು, ಮಿಸ್ ತಮಗಾಗಿ ಗುರುತು ಬಿಟ್ಟಿದ್ದಾರೆ, ಇತ್ತಲೇ ಬರಬೇಕು ಎಂದುಕೊಂಡರು. ಅದನ್ನು ದಾಟಿ ಹುಡುಗಿಯರನ್ನು ಎಡಕ್ಕೇ ಕರೆದೊಯ್ದರು. ಆ ದಾರಿ ಇಳಿಜಾರು ಬಂಡೆಯ ಮೇಲೆ ಮುಗಿಯುತ್ತಿತ್ತು. ಅಣಕಿಸಿದ್ದ ಗೆಳತಿಯೇ ಜಾರಿ ಬಿದ್ದು ಕೈ ಮುರಿದುಕೊಂಡಳು. ಚೀರಾಟ ಕೇಳಿದ್ದೇ ಮಿಸ್ ವಾಪಸ್ ಹತ್ತಿದರು. ಸೆರಗು ಹರಿದು ಅವಳ ಕೈ ಕಟ್ಟಿ, ಬೆನ್ನ ಮೇಲೆ ಹೊತ್ತು ಇಳಿಸಿದರು.

ಮಾರನೆಯ ದಿನ ಆ ಹುಡುಗಿಯ ತಂದೆಯ ದನಿ ಕಾರಿಡಾರಿನವರೆಗೂ ಕೇಳಿಸುತ್ತಿತ್ತು. "ಕುರಿ ಕಾಯೋರ ಕೈಗೆ ಮಕ್ಕಳನ್ನ ಕೊಟ್ಟಿದ್ದೀರಲ್ಲ ಸಿಸ್ಟರ್!"

ನಾನು ಸಿಸ್ಟರ್ ಹತ್ತಿರ ಹೋಗಿ, ಸೊಪ್ಪು ಇಟ್ಟಿದ್ದು ಆ ಕಡೆ ಹೋಗಬಾರದು ಎಂಬುದಕ್ಕೆ ಎಂದು ಹೇಳಿದೆ. ಅವರು ನನ್ನ ಜಡೆಯ ರಿಬ್ಬನ್ ಸರಿಮಾಡಿದರು. "ಗೊತ್ತು ಮಗು. ಈಗ ಗೊತ್ತಾಯ್ತು." ಅಷ್ಟೇ. ಬೇರೆ ಯಾರ ಮುಂದೆಯೂ ಅವರು ಆ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಆ ವಾರವೇ ಕೆಂಪು ದಾರದ ಸೀಟಿ ಸ್ಟಾಫ್ ರೂಮಿನ ಮೊಳೆಗೆ ಬಂತು. ಮಿಸ್ ಗೇಟಿನ ಹೊರಗೆ ಶಿರಾ ಬಸ್ಸಿಗೆ ಕಾಯುತ್ತಿದ್ದರು. ನಾನು ಓಡಿದೆ. "ಬಾಯಲ್ಲೊಂದು ಮಾತು ಹೇಳ್ಬೇಕಿತ್ತು ಕಣೇ ನಾನು," ಅಂದರು. "ಸೊಪ್ಪಿಟ್ರೆ ಸಾಕು ಅಂದ್ಕೊಂಡ್‌ಬುಟ್ಟೆ..." ಬೈಯಲಿಲ್ಲ, ಅಳಲಿಲ್ಲ. ಬಿಚ್ಚಿಹೋಗಿದ್ದ ನನ್ನ ಶೂ ಲೇಸನ್ನು ಬಗ್ಗಿ ಕಟ್ಟಿ, ಬಸ್ಸು ಹತ್ತಿದರು.

ಈಚೆಗೆ ಒಂದು ಮದುವೆಮನೆಯಲ್ಲಿ ಅದೇ ಗೆಳತಿ ಸಿಕ್ಕಿದ್ದಳು. "ಡ್ರಿಲ್ ಮಿಸ್ ತೀರಿಹೋದ್ರಂತೆ ಕಣೇ. ನಮ್ಮ ಸ್ಕೂಲ್ ಬಿಟ್ಟಮೇಲೆ ಯಾವ ಸ್ಕೂಲಿಗೂ ಸೇರಲೇ ಇಲ್ವಂತೆ," ಅಂದಳು. ಹೇಳುವಾಗ ಮೊಣಕೈ ಸವರಿಕೊಳ್ಳುತ್ತಿದ್ದಳು.

ಸಂಜೆ ಮಗಳಿಗೆ ಇದನ್ನೆಲ್ಲ ಹೇಳಿದೆ. ದಾರಿಗೆ ಅಡ್ಡ ಸೊಪ್ಪು ಕಂಡರೆ, ಮೇಲೆ ಕಲ್ಲಿದ್ದರೆ, ಆ ಕಡೆ ಕಾಲಿಡಬೇಡ ಎಂದೆ. "ಮ್ಯಾಪ್ ಇದೆಯಲ್ಲಮ್ಮ," ಎಂದು ನಕ್ಕಳು. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಗು ಎಂದೂ ಇನ್ನೂ ಹೇಳಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದರು.

"ನೋಡ್ದಾ, ಯಾವನೋ ಹಸಿ ಕಾಂಕ್ರೀಟ್ ಮ್ಯಾಲೆ ಬೈಕ್ ಹತ್ತಿಸ್ಬುಟ್ಟವ್ನೆ. ಮೇಸ್ತ್ರಿ ಬಂದು ಸೊಪ್ಪಿಟ್ಟೋಳನ್ನೇ ಬೈದು, ನಾಳೆಯಿಂದ ಬರ್ಬೇಡ ಅಂದ್ಬುಟ್ಟ ಕಣಮ್ಮ... ಒಂದೆಸಳು ಕರಿಬೇವಿದ್ರೆ ಕೊಡು, ಸಾರಿಗೆ."