ಕಡ್ಡಿ ಸೀಳಿಸುವ ಹಣಮವ್ವ

ನವಿ ಪೇಠದ ಅಂಗಡಿಗಳ ಶಟರ್‌ಗಳು ಇನ್ನೂ ಮೇಲೇರಿಲ್ಲ. ಮೂಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು, ಹಲ್ಲುಜ್ಜಲು ಮಾರುವ ಹಸಿ ಜಾಲಿ ಮತ್ತು ಬೇವಿನ ಕಡ್ಡಿಗಳ ಮೇಲೆ ನೀರು ಚಿಮುಕಿಸುತ್ತಿರುವ ಹಣಮವ್ವನ ಕೈ ಇವತ್ತು ನಿಂತಲ್ಲಿ ನಿಲ್ಲುತ್ತಿಲ್ಲ. ಕಟ್ಟಿದ ಕಟ್ಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಪಕ್ಕದಲ್ಲಿ ಸೊಸೆ ಛಾಯಾ, ಇಸ್ತ್ರಿ ಮಾಡಿದ ಸೀರೆ ಮುದುಡದಂತೆ ಕುಳಿತಿದ್ದಾಳೆ. ಎದುರಿನ ಕಲ್ಯಾಣಪ್ಪನವರ ಸೀರೆ ಅಂಗಡಿ ತೆರೆದೊಡನೆ ಆಕೆ ಮತ್ತೆ ಗಿರಾಕಿಗಳ ಮುಂದೆ ಕೂರಬೇಕು. ಇವತ್ತೂ ಗಿರಾಕಿಗಳು ಮುಖ ತಿರುಗಿಸಿದರೆ ಕೆಲಸ ಹೋದಂತೆಯೇ.

ಹಮಾಲಿ ಕೆಲಸದ ನಾಗಪ್ಪ ಕಡ್ಡಿ ಜಗಿದು, ಹಲ್ಲು ತಿಕ್ಕಿ, ಎಸೆಯಲು ಕೈ ಎತ್ತುತ್ತಾನೆ.

"ಏ ತಮ್ಮಾ, ತಡಿ! ನಡಬರಕ ಸೀಳು ಅದನ್ನ. ನಾಲಿಗಿ ಕೆರಕೋ. ಹಲ್ಲಷ್ಟ ತಿಕ್ಕಿದ್ರ ಅಂಗಳದ ಕಸಾ ಹೊಡದು ಮನಿ ಒಳಗಿಂದು ಬಿಟ್ಟಂಗ."

"ಮಾವಶಿ, ನಿನ್ನ ಕಡ್ಡಿ ಇಷ್ಟ ಶಾಣ್ಯಾ ಇದ್ರ, ಸೊಸಿನ್ನ ಹಲ್ಲಿನ ಡಾಕ್ಟರ್ ಕಡಿ ಯಾಕ ಕರಕೊಂಡ ಹೋದಿ?"

ಹಣಮವ್ವ ನಗುತ್ತಾಳೆ. "ಕಡ್ಡಿ ಕೆಲಸಾ ಕಡ್ಡಿದು, ಡಾಕ್ಟರ್ ಕೆಲಸಾ ಡಾಕ್ಟರಂದು. ವಸಡಿನ್ಯಾಗ ರಕ್ತಾ ಬಂದ್ರ ನನ್ನ ಬುಟ್ಟಿ ಮುಂದ ನಿಲ್ಲಬ್ಯಾಡ, ಸೀದಾ ದವಾಖಾನಿಗೆ ನಡಿ."

ಕಂದಲಗಾಂವದ ಕುರಿ ಸಾಕುವ ಮನೆ ಆಕೆಯದು. ಗಂಡ ಸಿದ್ರಾಮ ಕುರಿಗಳಿಗೆಂದು ಜಾಲಿ ಕೊಂಬೆ ತರಿದು ಕೆಡವಿದಾಗ, ಕುರಿ ಬಾಯಿ ಹಾಕುವ ಮೊದಲೇ ಬೆರಳು ಗಾತ್ರದ ಎಳೆಯ ಕಡ್ಡಿಗಳನ್ನು ಎಳೆದುಕೊಳ್ಳುತ್ತಾಳೆ. ಮುಳ್ಳು ಸವರಿ ಸವರಿ ಅಂಗೈ ತುಂಬ ಗೀರು. ಪೇಸ್ಟಿನ ಈ ಕಾಲದಲ್ಲಿ ಬುಟ್ಟಿ ಅರ್ಧ ಖಾಲಿಯಾದರೆ ಅದೇ ಒಳ್ಳೆಯ ದಿನ. ಗುರುವಾರ ಅಕ್ಕಲಕೋಟಕ್ಕೆ ಹೋದರೆ ಮಾತ್ರ ಗುಡಿಗೆ ಬಂದ ಭಕ್ತರು ಪೂರ್ತಿ ಒಯ್ಯುತ್ತಾರೆ.

ಛಾಯಾಳ ತವರಿನಲ್ಲಿ ಹೆಂಗಸರೆಲ್ಲ ಮಿಶ್ರಿ ತಿಕ್ಕುತ್ತಾರೆ. ತಂಬಾಕನ್ನು ಕಪ್ಪಗೆ ಹುರಿದು ಕುಟ್ಟಿದ ಪುಡಿ ಅದು. ಬಾಯಿಯ ವಾಸನೆ ಹೋಗುತ್ತದೆಂಬ ನಂಬಿಕೆ. ಅಂಗಡಿಯಲ್ಲಿ ಆಕೆಯ ಬಾಯಿಯ ವಾಸನೆಗೆ ಗಿರಾಕಿಗಳು ಹಿಂದೆ ಸರಿದಷ್ಟೂ ಛಾಯಾ ಹೆಚ್ಚು ಮಿಶ್ರಿ ತಿಕ್ಕಿದಳು. ಗಿರಾಕಿಗಳನ್ನು ಬಿಟ್ಟು ಶೌಚಕ್ಕೆ ಎದ್ದು ಹೋಗಬೇಕಾದೀತೆಂದು ದಿನವಿಡೀ ನೀರನ್ನೂ ಮುಟ್ಟಲಿಲ್ಲ. ಬಾಯಿ ಒಣಗಿತು, ವಾಸನೆ ಇನ್ನೂ ಏರಿತು. ಕಲ್ಯಾಣಪ್ಪನವರ ಹೆಂಡತಿ ಸುಮಿತ್ರಾಬಾಯಿ ಆಕೆಯನ್ನು ಒಳಕೋಣೆಯಲ್ಲಿ ಸೀರೆ ಮಡಚಲು ಕೂರಿಸಿದರು. ಮನೆಯಲ್ಲೂ ಛಾಯಾಳ ಸೆರಗು ಬಾಯಿಯ ಮೇಲಿಂದ ಇಳಿಯಲಿಲ್ಲ.

ಡಾಕ್ಟರು ಹಲ್ಲಿನ ಬುಡದಲ್ಲಿ ಗಟ್ಟಿಯಾಗಿದ್ದ ಕೊಳೆ ತೆಗೆದರು. ಮಿಶ್ರಿ ಬಿಡು, ನೀರು ಕುಡಿ ಎಂದರು. ಬಿಡುವುದು ಹೇಳಿದಷ್ಟು ಹಗುರವಿರಲಿಲ್ಲ. "'ತಲಿ ಸಿಡಿತದ ಅತ್ತಿ, ಒಂದ ಚಿಟಕಿ ಕೊಡ್ರಿ' ಅಂತ ಅಳತಿದ್ಳು," ಎನ್ನುತ್ತಾಳೆ ಹಣಮವ್ವ. "ನಾ ನೀರಿನ ತಂಬಗಿ ಮುಂದಿಡತಿದ್ದೆ. ನನ್ನ ಬೈದ್ಳು. ಬೈಲಿ, ಸೆರಗ ತಗದು ಬೈದ್ಳಲ್ಲ!"

ಶಟರ್ ಸದ್ದಾಗುತ್ತದೆ. "ಛಾಯಾ, ಬಾ, ಗಾದಿ ಮ್ಯಾಲ ಕೂಡು," ಎಂದು ಸುಮಿತ್ರಾಬಾಯಿ ಕರೆಯುತ್ತಾರೆ. ಅಕ್ಕಲಕೋಟದಿಂದ ಮದುವೆ ಸೀರೆಗೆ ಬಂದ ತಾಯಿ-ಮಗಳು ಎದುರು ಕೂರುತ್ತಾರೆ. ಹಣಮವ್ವ ಬುಟ್ಟಿಯನ್ನು ನಾಗಪ್ಪನಿಗೆ ಒಪ್ಪಿಸಿ ರಸ್ತೆ ನಡುವೆಯೇ ನಿಂತುಬಿಡುತ್ತಾಳೆ. ರಿಕ್ಷಾದವನು ಹಾರ್ನ್ ಒತ್ತಿ ಬೈದರೂ ಕದಲುವುದಿಲ್ಲ. ಛಾಯಾಳ ಕೈ ಅಭ್ಯಾಸದಂತೆ ಬಾಯಿಯತ್ತ ಏಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಇಳಿದು ಸೀರೆಯ ಅಂಚು ಬಿಡಿಸುತ್ತದೆ.

ಆ ತಾಯಿಗೆ ಕಿವಿ ಮಂದ. ಮುಖವನ್ನು ಛಾಯಾಳ ಮುಖದ ಹತ್ತಿರಕ್ಕೇ ತರುತ್ತಾಳೆ. "ಏನಂದಿ ತಂಗಿ? ಜ್ವಾರಲೆ ಹೇಳು."

ಛಾಯಾ ಜೋರಾಗಿ ಹೇಳುತ್ತಾಳೆ. ಆ ತಾಯಿ ಹಿಂದೆ ಸರಿಯುವುದಿಲ್ಲ. "ಇನ್ನೊಂದ ತಗಿ, ಹಸರಂದು," ಎನ್ನುತ್ತಾಳೆ.

"ನೋಡ್ದ್ಯಾ? ಅಲ್ಲೇ ಕುಂತಾಳ! ಹತ್ತಿರ ಕುಂತಾಳ!" ಹಣಮವ್ವ ಓಡಿ ಬಂದು ನಾಗಪ್ಪನ ತೋಳು ಹಿಡಿದು ಅಲುಗಾಡಿಸುತ್ತಾಳೆ.

ಇನ್ನೇನು ಬೇಕು ಎಂದು ನಾವು ಕೇಳಿದರೆ, ಕಣ್ಣು ಒರೆಸಿಕೊಂಡು ಅಂಗಡಿಯತ್ತಲೇ ನೋಡುತ್ತಾಳೆ. "ದೀಪಾವಳಿಗೆ ನಾನೂ ಗಿರಾಕಿ ಆಗಿ ಹೋಗ್ತೀನ್ರಿ. ಆಕಿ ಮುಂದ ಕೂಡ್ತೀನಿ. ಒಂದೊಂದ ಸೀರಿ ಬಿಚ್ಚಿ ನನಗ ವಟವಟ ಹೇಳಬೇಕು ಆಕಿ. ಲಗೂನ ಆರಿಸಂಗಿಲ್ಲ ನಾ."